ವಕೀಲರಷ್ಟೇ ಸಾಲದು, ಕಡತ ಹಿಡಿದು ಓಡಾಡುವವರೂ ಬೇಕು

ಮಾನ್ಯರೇ,

ಅಮೆರಿಕಕ್ಕೆ ವಲಸೆ ಹೋದವರೆಂದರೆ ನಮ್ಮೂರಿನವರ ಕಣ್ಣಿಗೆ ಕಟ್ಟುವುದು ಸಾಫ್ಟ್‌ವೇರ್ ಸಂಬಳ ಮತ್ತು ಎರಡು ಕಾರು. ನಾನಿರುವ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಹೋಟೆಲ್ ಅಡುಗೆಮನೆಯನ್ನೋ ಟ್ಯಾಕ್ಸಿಯನ್ನೋ ನೆಚ್ಚಿಕೊಂಡ ದಕ್ಷಿಣ ಏಷ್ಯಾದ ಕುಟುಂಬಗಳು ಬೇಕಾದಷ್ಟಿವೆ. ಎರಡು ತಿಂಗಳು ಕೆಲಸ ತಪ್ಪಿದರೆ ಬಾಡಿಗೆ ಬಾಕಿ, ಅದರ ಬೆನ್ನಿಗೇ ಕೋರ್ಟಿನ ಕಾಗದ.

ಕಾನೂನಿಗೇನೂ ಇಲ್ಲಿ ಬರವಿಲ್ಲ. ಒಕ್ಕಲೆಬ್ಬಿಸುವ ಮೊಕದ್ದಮೆಗಳಲ್ಲಿ ಬಡ ಬಾಡಿಗೆದಾರರಿಗೆ ಉಚಿತ ವಕೀಲರನ್ನು ಒದಗಿಸುವ ಕಾನೂನನ್ನು 2017ರಲ್ಲಿ, ಅಮೆರಿಕದಲ್ಲೇ ಮೊದಲಿಗೆ, ತಂದ ನಗರವಿದು. ವಲಸೆಯ ಕಾಗದಪತ್ರ ಸರಿಯಿದೆಯೇ ಎಂದು ಅದು ಕೇಳುವುದಿಲ್ಲ. 2019ರ ರಾಜ್ಯ ಕಾನೂನಿನಂತೆ, ಬಾಕಿಗಾಗಿ ದಾವೆ ಹೂಡುವ ಮೊದಲು ಮಾಲೀಕರು 14 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಆದರೆ ದಾವೆಯ ಪ್ರತಿ ಕೈಸೇರಿದ ಮೇಲೆ ಉತ್ತರ ಸಲ್ಲಿಸಲು ಇರುವುದು 10 ದಿನ. ಹೆದರಿದವರು ಆ ಹತ್ತು ದಿನ ಲಕೋಟೆಯನ್ನು ಫ್ರಿಜ್ ಮೇಲಿಟ್ಟು ಕೂರುತ್ತಾರೆ.

ಇಲ್ಲೇ ಕೇಸ್ ವರ್ಕರ್, ಅಂದರೆ ಕುಟುಂಬದ ಪರವಾಗಿ ಕಾಗದಪತ್ರ ಹೊಂದಿಸಿ ಓಡಾಡುವ ಸಂಸ್ಥೆಯ ಕಾರ್ಯಕರ್ತರು, ಬೇಕಾಗುವುದು. ನಾನು ಬಿಡುವಿದ್ದಾಗ ದುಭಾಷಿಯಾಗಿ ಹೋಗುವ ಸಂಸ್ಥೆಗೆ ಒಬ್ಬ ಅಡುಗೆಯವರ ಕುಟುಂಬ ಬಂದಿತ್ತು. ಬಾಡಿಗೆ ಕೊಟ್ಟದ್ದು ನಗದು, ರಸೀದಿಯಿಲ್ಲ. ಸಂಬಳವೂ ನಗದೇ. ಬಾಕಿ ತೀರಿಸಲು ನಗರಾಡಳಿತ ಕೊಡುವ, ಎಲ್ಲರೂ ‘ಒನ್ ಶಾಟ್ ಡೀಲ್’ ಎನ್ನುವ ತುರ್ತು ನೆರವಿಗಾದರೋ ತಿಂಗಳುವಾರು ಬಾಕಿಯ ಲೆಕ್ಕ ಬೇಕು, ಮುಂದೆ ಬಾಡಿಗೆ ಕಟ್ಟುವ ಶಕ್ತಿಯಿದೆ ಎಂಬುದಕ್ಕೆ ಪುರಾವೆ ಬೇಕು. ಕೇಸ್ ವರ್ಕರ್ ಆ ಗೃಹಿಣಿಯ ಮೊಬೈಲ್ ತೆರೆಸಿದರು. ಪ್ರತಿ ತಿಂಗಳೂ ಮಾಲೀಕರು ‘ಹಣ ಸಿಕ್ಕಿತು’ ಎಂದು ಕಳಿಸಿದ್ದ ವಾಟ್ಸ್ಆ್ಯಪ್ ಸಂದೇಶಗಳನ್ನೆಲ್ಲ ಮುದ್ರಿಸಿ, ದಿನಾಂಕವಾರು ಜೋಡಿಸಿದರು. ಹೋಟೆಲಿನವರಿಂದ ಸಂಬಳದ ಪತ್ರ ಬರೆಸಿದರು. ನೆರವು ಪಡೆದರೆ ಗ್ರೀನ್ ಕಾರ್ಡ್ ಕೈತಪ್ಪೀತೆಂದು ಆತ ಅಂಜಿದಾಗ, ಅರ್ಜಿಗೆ ಸಹಿ ಹಾಕಿಸುವ ಮೊದಲು ವಲಸೆ ವಕೀಲರ ಬಳಿಗೆ ಕರೆದೊಯ್ದರು. ಅಮೆರಿಕದಲ್ಲೇ ಹುಟ್ಟಿದ ಮಗಳಿಗೆ ಆಹಾರ ನೆರವು ಕೊಡಿಸಿದ್ದರಿಂದ ಬಾಡಿಗೆಗೂ ನಾಲ್ಕು ಕಾಸು ಉಳಿಯಿತು. ಮನೆ ಉಳಿದದ್ದು ಇಂಥ ಚಿಲ್ಲರೆ ಕೆಲಸಗಳಿಂದ. ಕೋರ್ಟಿನಲ್ಲಿ ವಕೀಲರು ಮಾತಾಡಿದ್ದು ಕೆಲವೇ ನಿಮಿಷ; ಅವರ ಕೈಲಿದ್ದ ಕಡತ ಮಾತ್ರ ವಾರಗಳ ದುಡಿಮೆ.

ಇಷ್ಟಾದರೂ ಅನುದಾನಕ್ಕೆ ಕತ್ತರಿ ಬಿದ್ದಾಗ ಮೊದಲು ಹೋಗುವುದು ಕೇಸ್ ವರ್ಕರ್‌ಗಳದೇ ಹುದ್ದೆ. ಒಬ್ಬರು ಕೆಲಸ ಬಿಟ್ಟರೆ ಕುಟುಂಬ ತನ್ನ ಕಥೆಯನ್ನು ಹೊಸಬರ ಮುಂದೆ ಮೊದಲಿನಿಂದ ಒಪ್ಪಿಸಬೇಕು. ‘ಬಿಟ್ಟಿ ಭಾಗ್ಯ’ ಎಂದು ಮೂಗು ಮುರಿಯುವವರು, ನಮ್ಮವರೂ ಸೇರಿ, ಒಂದು ಲೆಕ್ಕ ಹಾಕಲಿ: ಬೀದಿಗೆ ಬಿದ್ದ ಕುಟುಂಬಕ್ಕೆ ಆಶ್ರಯ ಕೊಡುವ ಹೊಣೆ ಈ ನಗರದ ಮೇಲೇ ಇದೆ, ಅದು ಕೆಲವು ತಿಂಗಳ ಬಾಡಿಗೆ ಬಾಕಿಗಿಂತ ಅಗ್ಗವೇ?

ಇಲ್ಲಿನ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಗಳನ್ನು ಅದ್ದೂರಿಯಾಗಿ ಮಾಡುತ್ತವೆ; ಮಾಡಲಿ. ಜೊತೆಗೆ ಪ್ರತಿ ಸಂಘದಿಂದ ಇಬ್ಬರಾದರೂ ಅರ್ಜಿ ತುಂಬುವ, ದುಭಾಷಿಯಾಗುವ ಕೆಲಸ ಕಲಿಯಬಾರದೇ? ನಿಮ್ಮ ಓದುಗರಲ್ಲಿ ಯಾರ ನೆಂಟರಾದರೂ ಈ ಊರಿನಲ್ಲಿ ಬಾಡಿಗೆ ಕಟ್ಟಲಾಗದೆ ತಳಮಳಿಸುತ್ತಿದ್ದರೆ ದಯವಿಟ್ಟು ತಿಳಿಸಿ: ಕೋರ್ಟಿನ ಆದೇಶವಿಲ್ಲದೆ ಬೀಗ ಬದಲಿಸುವುದು ಅಪರಾಧ, ಹೆದರಿ ತಾವಾಗಿ ಮನೆ ಬಿಡಬೇಕಿಲ್ಲ. ಕಾಗದ ಬಂದ ದಿನವೇ ನಗರಾಡಳಿತದ ದೂರವಾಣಿ ಸಂಖ್ಯೆ 311ಕ್ಕೆ ಕರೆ ಮಾಡಿ ಬಾಡಿಗೆದಾರರ ಸಹಾಯವಾಣಿ ಕೇಳಲಿ. ಕೋರ್ಟಿನಲ್ಲಿ ದುಭಾಷಿ ಉಚಿತ. ಕನ್ನಡದವರು ಬೇಕೆಂದು ಮೊದಲೇ ಹೇಳಿಡಬೇಕು.

— ಒಬ್ಬ ಓದುಗಿ, ಕ್ವೀನ್ಸ್, ನ್ಯೂಯಾರ್ಕ್