ಮೂರನೇ ಮಂಚ ತೆಗೆಯುತ್ತಿದ್ದೇವೆ

ನಮ್ಮ ಸಂಘದ ರೂಮುಗಳಲ್ಲಿ ಇರುವ ಎಲ್ಲರಿಗೂ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ 1ನೇ ತಾರೀಖಿನಿಂದ ಒಂದು ರೂಮಿಗೆ ಮೂವರ ಬದಲು ಇಬ್ಬರೇ. ಬಾಡಿಗೆಯೂ ಏರುತ್ತದೆ. ಆದರೆ ಯಾರನ್ನೂ ಖಾಲಿ ಮಾಡಿಸುವುದಿಲ್ಲ. ಒಬ್ಬರು ತಾವಾಗಿಯೇ ಬಿಟ್ಟುಹೋದರೆ ಆ ಜಾಗಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ, ಅಷ್ಟೇ.

ಎಲ್ಲ ಶುರುವಾಗಿದ್ದು ಎರಡನೇ ಮಹಡಿಯ ಒಂದು ಗೋಡೆಯಿಂದ. ಬೀರು ಹಿಂದೆ ಕಪ್ಪು ಕಲೆ ಬಂದಿದೆ ಅಂತ ದೂರು ಬಂತು. ನಾವು ಬಣ್ಣ ಬಳಿದೆವು. ಮತ್ತೆ ಬಂತು, ಮತ್ತೆ ಬಳಿದೆವು. ಈ ಎರಡು ಸಲದ ಬಣ್ಣಕ್ಕೆ ನಿಮ್ಮ ಕ್ಷಮೆ ಕೇಳಬೇಕು. ಮೂರನೇ ಸಲ ಬೀರು ಪಕ್ಕಕ್ಕೆ ಎಳೆದಾಗ ಮೊಣಕಾಲೆತ್ತರದವರೆಗೂ ಬೂಷ್ಟು ಹಿಡಿದಿತ್ತು. ಗೋಡೆಗೆ ಆನಿಸಿಟ್ಟಿದ್ದ ಸೂಟ್‌ಕೇಸಿನ ಒಳಗೂ ಅದೇ ವಾಸನೆ. ಪೈಪು ಸೋರುತ್ತಿರಬೇಕು ಅಂದುಕೊಂಡು ಪ್ಲಂಬರ್ ಕರೆಸಿದೆವು. ಅವರು ಪೈಪೆಲ್ಲ ನೋಡಿದರು, ಆಮೇಲೆ ತಲೆಯೆತ್ತಿ ಮೇಲೆ ನೋಡಿದರು. ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಒದ್ದೆ ಬಟ್ಟೆ. "ನೀರು ಬರ್ತಿರೋದು ಇಲ್ಲಿಂದ" ಅಂದರು.

ಮಷೀನಿನಲ್ಲಿ ಒಂದು ಸಲ ಒಗೆದ ಬಟ್ಟೆ ಒಣಗುವಷ್ಟರಲ್ಲಿ ಸುಮಾರು 2 ಲೀಟರ್ ನೀರು ರೂಮಿನ ಗಾಳಿಗೆ ಸೇರುತ್ತದೆ. ಮೂವರ ಉಸಿರಿನ ತೇವ ಬೇರೆ. ಕಿಟಕಿ ತೆಗೆಯಬಹುದಲ್ವಾ ಅಂತ ನಾವೂ ಸುಲಭವಾಗಿ ಹೇಳಿದ್ದೆವು. ಆದರೆ ಒಬ್ಬರಿಗೆ ನೈಟ್ ಶಿಫ್ಟ್, ಹಗಲು ನಿದ್ದೆ. ತೆಗೆದರೆ ರಸ್ತೆಯ ಸದ್ದು, ಬೆಳಕು. ಇನ್ನೊಬ್ಬರು ಬೆಳಿಗ್ಗೆ ಹೋಗಿ ರಾತ್ರಿ ಬರುವವರು. ಮೂವರ ಮೂರು ವೇಳೆಗೂ ಹೊಂದಬೇಕು ಅಂದರೆ ಕಿಟಕಿ ಮುಚ್ಚಿಯೇ ಇರಬೇಕು. ತಪ್ಪು ಅವರದಲ್ಲ.

ನಮ್ಮ ಸದಸ್ಯರೊಬ್ಬರು ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ತಂದು ಒಂದು ರಾತ್ರಿ ಅದೇ ರೂಮಿನಲ್ಲಿಟ್ಟರು. ಹೊರಗಿನ ಗಾಳಿಯಲ್ಲಿ ಇದು ಹತ್ತು ಲಕ್ಷ ಭಾಗಕ್ಕೆ 420 ಭಾಗದ ಆಸುಪಾಸು ಇರುತ್ತದೆ. ಒಳಗೆ 1000 ದಾಟಬಾರದು ಅಂತ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ಜರ್ಮನ್ ವಿಜ್ಞಾನಿ 1858ರಲ್ಲೇ ಹೇಳಿದ್ದರು. ಬೆಳಗಿನ ಜಾವ ನಮ್ಮ ಮೀಟರ್ 3000 ದಾಟಿತ್ತು. ಎದ್ದಾಗ ತಲೆ ಭಾರ ಅಂತ ಮೂವರೂ ಹೇಳುತ್ತಿದ್ದರು. ಜಾಸ್ತಿ ಮೊಬೈಲ್ ನೋಡ್ತೀರಿ ಅಂತ ನಾವು ತಮಾಷೆ ಮಾಡಿದ್ದೆವು.

ಇಷ್ಟು ದಿನ ನಮ್ಮ ಸಮಾಧಾನಕ್ಕೆ ಒಂದು ಲೆಕ್ಕ ಇತ್ತು. ವಸತಿಯ ವಿಷಯ ನೋಡುವ ವಿಶ್ವಸಂಸ್ಥೆಯ ಅಂಗ ಯುಎನ್-ಹ್ಯಾಬಿಟಾಟ್‌ನ ಅಳತೆಯ ಪ್ರಕಾರ ಒಂದು ಕೋಣೆಯಲ್ಲಿ ಮೂರಕ್ಕಿಂತ ಹೆಚ್ಚು ಜನ ಇದ್ದರೆ ಇಕ್ಕಟ್ಟು. ಮೂವರಿದ್ದರೆ ಪಾಸ್! ಗಡಿಯಲ್ಲಿ ಪಾಸಾಗಿದ್ದನ್ನೇ ನಾವು ಹೆಮ್ಮೆಯಿಂದ ಹೇಳಿಕೊಂಡು ಓಡಾಡುತ್ತಿದ್ದೆವು. ಆ ಅಳತೆ ಇರುವುದು ತೀರಾ ಕೆಟ್ಟ ಸ್ಥಿತಿ ಯಾವುದು ಅಂತ ಗುರುತಿಸಲು, ಚೆನ್ನಾಗಿದೆ ಅಂತ ಸರ್ಟಿಫಿಕೇಟ್ ಕೊಡಲು ಅಲ್ಲ.

ಈಗ ದುಡ್ಡಿನ ಮಾತು. ಒಂದು ರೂಮಿನ ಬಾಡಿಗೆಯನ್ನು ಮೂವರ ಬದಲು ಇಬ್ಬರು ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಒಂದೂವರೆ ಪಟ್ಟಾಗುತ್ತದೆ. ಅಷ್ಟನ್ನೂ ನಿಮ್ಮ ಮೇಲೆ ಹಾಕುವುದಿಲ್ಲ. ಈಗಿನ ಪಾಲಿಗೆ ಅದರ ಕಾಲು ಭಾಗ ಮಾತ್ರ ಸೇರುತ್ತದೆ, ಅದೂ ನಿಮ್ಮ ರೂಮು ಇಬ್ಬರದಾದ ಮೇಲೆ. ಉಳಿದದ್ದು ಸಂಘದ ಉಳಿತಾಯದಿಂದ. ನಮ್ಮ ಆಫೀಸು ರೂಮನ್ನೂ ಬಾಡಿಗೆಗೆ ಬಿಟ್ಟಿದ್ದೇವೆ. ಇನ್ನು ಮುಂದೆ ನಮ್ಮನ್ನು ಹುಡುಕುವವರು ಮೆಟ್ಟಿಲ ಕೆಳಗಿನ ಟೇಬಲ್ ಹತ್ತಿರ ಬನ್ನಿ, ತಲೆ ಬಗ್ಗಿಸಿಕೊಂಡು. ಹೀಗೆ ಎರಡು ವರ್ಷ ತೂಗಿಸಬಹುದು. ಆಮೇಲೆ ಮತ್ತೆ ಕೂತು ಲೆಕ್ಕ ನೋಡಬೇಕು.

ದುಡಿಮೆಯ 30 ಶೇಕಡಕ್ಕಿಂತ ಜಾಸ್ತಿ ವಾಸದ ಖರ್ಚಿಗೇ ಹೋದರೆ ಅದು ಹೊರೆ ಅನ್ನುವುದು ಹಲವು ಕಡೆ ಬಳಸುವ ಅಳತೆ. ಮೊದಲ ಕೆಲಸದಲ್ಲಿರುವ ನಿಮ್ಮಲ್ಲಿ ಹಲವರು ಈಗಲೇ ಅದನ್ನು ದಾಟಿದ್ದೀರಿ ಅಂತ ಗೊತ್ತು. ಏರಿಕೆ ಕೊಡಲು ಆಗದವರು ಸುಮ್ನೆ ಒದ್ದಾಡಬೇಡಿ. ಮೂವರಿರುವ ರೂಮುಗಳು ಇನ್ನೂ ಕೆಲವು ಕಾಲ ಇರುತ್ತವೆ, ಹಳೇ ಬಾಡಿಗೆಗೇ ಅಲ್ಲಿಗೆ ಹೋಗಬಹುದು.

ಸಭೆಯಲ್ಲಿ ಜಗಳವೂ ಆಯಿತು. ಒಬ್ಬ ಹುಡುಗಿ ಎದ್ದು ನಿಂತು, "ನಾನು ಈ ಊರಿಗೆ ಬಂದಾಗ ಮೂರನೇ ಮಂಚ ಇಲ್ಲದಿದ್ದರೆ ಎಲ್ಲಿಗೆ ಹೋಗ್ತಿದ್ದೆ?" ಅಂದಳು. ಯಾರೂ ಉತ್ತರ ಕೊಡಲಿಲ್ಲ. ನಮ್ಮಲ್ಲೂ ಇಲ್ಲ. ಮೂರರಲ್ಲಿ ಒಂದು ಜಾಗ ಹೋಗುತ್ತದೆ, ಕಾಯುವವರ ಪಟ್ಟಿ ಬೆಳೆಯುತ್ತದೆ. ಪಟ್ಟಿಯಲ್ಲಿರುವವರಿಗೂ ಈ ಪತ್ರ ಕಳಿಸುತ್ತಿದ್ದೇವೆ. ಅವರಿಗೆ ಕೋಪ ಬಂದರೆ ಅದು ನ್ಯಾಯವೇ.

ಬಟ್ಟೆ ಒಣಗಿಸಲು ತಾರಸಿಯ ಕೋಣೆಗೆ ಎರಡು ಫ್ಯಾನ್ ಹಾಕಿಸಿದ್ದೇವೆ. ರಾತ್ರಿಯೂ ತೆರೆದಿರುತ್ತದೆ. ರೂಮಿನ ಹಗ್ಗಗಳನ್ನು ದಯವಿಟ್ಟು ಬಿಚ್ಚಿಬಿಡಿ.

ತೆಗೆದ ಮಂಚಗಳನ್ನು ಮಾರುವುದಿಲ್ಲ. ಹೊಸದಾಗಿ ಮನೆ ಮಾಡುತ್ತಿರುವ ಗೆಳೆಯರಿದ್ದರೆ ಹೇಳಿ, ಬಂದು ಒಯ್ಯಲಿ. ಮೊದಲನೆಯದು ಈಗಾಗಲೇ ಮೆಟ್ಟಿಲ ಹತ್ತಿರ ಇದೆ. ಒಂದು ಕಾಲು ಅಲ್ಲಾಡುತ್ತದೆ, ಮಡಚಿದ ರಟ್ಟು ಇಟ್ಟರೆ ಸರಿಹೋಗುತ್ತದೆ.

ಇಂತಿ,
ಮೆಟ್ಟಿಲ ಕೆಳಗಿನ ಟೇಬಲ್‌ನಿಂದ,
ನಿಮ್ಮ ಸಂಘದವರು