ಮರಿಯ ತಾಯಿ ಎಲ್ಲಿ?

ಬದಿಯಡ್ಕ,
ಭಾನುವಾರ

ಪ್ರೀತಿಯ ಪುಟ್ಟಿ,

ಕೊಳ್ಳಬೇಕೆಂದು ನೀನು ಕಳುಹಿಸಿದ ಲ್ಯಾಬ್ರಡಾರ್ ನಾಯಿಮರಿಯ ಫೋಟೋ ನೋಡಿದೆ. ಮುದ್ದಾಗಿದೆ, ಇಲ್ಲವೆನ್ನುವುದಿಲ್ಲ. ಅಮ್ಮ ಕನ್ನಡಕ ಹುಡುಕಿ ತಂದು ಎರಡೆರಡು ಸಲ ನೋಡಿದಳು. ಆದರೆ ಫೋಟೋದಲ್ಲಿ ಮರಿಯೊಂದೇ ಇದೆಯಲ್ಲ, ಅದರ ತಾಯಿ ಎಲ್ಲಿ?

ನೀನು ಮೂರನೆಯ ತರಗತಿಯಲ್ಲಿದ್ದಾಗ ನಾನೊಂದು ಜಾತಿ ನಾಯಿಮರಿ ತಂದಿದ್ದೆ, ನೆನಪಿದೆಯೇ? ಬಸ್ ನಿಲ್ದಾಣದ ಹತ್ತಿರ ಒಬ್ಬಾತ ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟ. ತಾಯಿಯನ್ನು ನೋಡಬೇಕೆಂದರೆ, "ಅದು ದೂರದಲ್ಲಿದೆ ಮಾಷ್ಟ್ರೇ" ಎಂದ. ನಾನೂ ಸುಮ್ಮನಾದೆ. ಮರಿಗೆ ತಿಂಗಳು ತುಂಬಿತ್ತೋ ಇಲ್ಲವೋ, ಹಾಲಿನ ಬಟ್ಟಲಿಗೆ ಮೂಗು ಅದ್ದಿ ಸೀನುತ್ತಿತ್ತು. ನಾಲ್ಕನೆಯ ದಿನ ವಾಂತಿ, ರಕ್ತಭೇದಿ. ಪಾರ್ವೊ ಎಂಬ ವೈರಸ್ ರೋಗ ಎಂದರು ಡಾಕ್ಟರು. ಜಗಲಿಯಲ್ಲಿ ಗೋಣಿ ಹಾಸಿ, ಕಿಟಕಿಯ ಸರಳಿಗೆ ಡ್ರಿಪ್ ಬಾಟಲಿ ಕಟ್ಟಿ ರಾತ್ರಿಯಿಡೀ ಕಾದೆವು. ಬೆಳಗಿನ ಜಾವ ಹೋಯಿತು. ಅದರ ಅಮ್ಮನ ಬಳಿ ಬಿಟ್ಟುಬಂದೆ ಎಂದು ನಿನಗೆ ಹೇಳಿದ್ದೆ. ಹೂಳಿದ್ದು ಬಾವಿಯಾಚೆಯ ತೆಂಗಿನ ಬುಡದಲ್ಲಿ.

ನಾಯಿಮರಿ ಮಾರುವವರೆಲ್ಲ ಕಳ್ಳರು ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಸರಕಾರದ 2017ರ ನಿಯಮದಂತೆ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣುನಾಯಿಗೆ 18 ತಿಂಗಳಾಗದೆ ಮರಿ ಹಾಕಿಸುವಂತಿಲ್ಲ, ವರ್ಷಕ್ಕೊಂದು ಸೂಲಿಗಿಂತ ಹೆಚ್ಚೂ ಇಲ್ಲ. ಸಾಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಅದನ್ನು ಕೇಳು. ಲ್ಯಾಬ್ರಡಾರಿಗೆ ಸೊಂಟದ ಕೀಲಿನ ತೊಂದರೆ ವಂಶದಿಂದ ಬರುವುದುಂಟು, ತಂದೆತಾಯಿಯ ಎಕ್ಸ್‌ರೇ ತೋರಿಸಲು ಹೇಳು. ನೇರ ಮನುಷ್ಯನಾದರೆ ಖುಷಿಯಿಂದ ತೋರಿಸುತ್ತಾನೆ. ವಂಶಾವಳಿಯ ಕಾಗದವೊಂದನ್ನೇ ಮುಂದೆ ಹಿಡಿದರೆ ಎದ್ದು ಬಾ. ಅದು ಕುಲ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ.

ನನ್ನನ್ನು ಕೇಳಿದರೆ ನಿನಗೆ ಮರಿಯೇ ಬೇಡ. ಒಂಬತ್ತಕ್ಕೆ ಮನೆ ಬಿಟ್ಟು ಆರಕ್ಕೆ ಮರಳುವ ನೀನು ಮೂರನೆಯ ಮಹಡಿಯಲ್ಲಿ ಮರಿಯನ್ನು ಹೇಗೆ ನೋಡಿಕೊಳ್ಳುತ್ತೀ? ಮಂಗಳೂರಿನಲ್ಲೇ ಬೀದಿಯಿಂದ ಎತ್ತಿ ತಂದು ಸಾಕುವವರಿದ್ದಾರೆ. ಅವರಲ್ಲಿ ಎರಡು ಮೂರು ವರ್ಷದ ನಾಯಿಯನ್ನು ವಿಚಾರಿಸು. ಅದು ಎಷ್ಟು ಎತ್ತರ, ಮಕ್ಕಳನ್ನು ಕಂಡರೆ ಹೇಗೆ, ಒಂಟಿಯಾಗಿದ್ದರೆ ಊಳಿಡುತ್ತದೆಯೇ ಎಂಬುದೆಲ್ಲ ಆಗಲೇ ಗೊತ್ತಾಗಿರುತ್ತದೆ. ಕಷ್ಟವೂ ಇದೆ. ಪೆಟ್ಟು ತಿಂದ ನಾಯಿಯಾದರೆ ನೀನು ಹಿಡಿಸೂಡಿ ಎತ್ತಿದರೂ ಮಂಚದಡಿ ನುಗ್ಗೀತು. ತಿಂಗಳುಗಟ್ಟಲೆ ತಾಳ್ಮೆ ಬೇಕು. ಒಂದೇ ಸಲ ನೋಡಿ ಒಪ್ಪಬೇಡ, ನಾಲ್ಕು ಸಲ ಹೋಗಿ ಜೊತೆಯಲ್ಲಿ ನಡೆದಾಡಿ ನೋಡು.

ನಮ್ಮೂರಿನ ಪುಣ್ಯಾತ್ಮರ ಕಥೆ ನಿನಗೆ ಗೊತ್ತೇ ಇದೆ. ಗಂಡು ಮರಿಗಳನ್ನು ತೋಟ ಕಾಯಲೆಂದು ಒಯ್ಯುತ್ತಾರೆ, ಹೆಣ್ಣು ಮರಿಗಳನ್ನು ಗೋಣಿಯಲ್ಲಿ ತುಂಬಿಸಿ ಪೇಟೆಯ ಬದಿ ಬಿಟ್ಟುಬರುತ್ತಾರೆ. ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿ ಎಂದರೆ ಪಾಪ ಬರುತ್ತದಂತೆ! ಹಾಗೆ ಬಿಟ್ಟುಹೋದ ಕಂದುಬಣ್ಣದ್ದೊಂದು ಈಗ ನಮ್ಮ ಅಡಿಕೆ ಅಂಗಳದಲ್ಲಿ ಮಲಗುತ್ತಿದೆ. ಎಡಗಿವಿ ಅರ್ಧ ಹರಿದಿದೆ. ಅಮ್ಮ ದೋಸೆ ಹಾಕಿದರೆ ಮೊದಲು ಕಾವಲಿಯ ಕಡೆ ನೋಡಿ, ಆಮೇಲೆ ಅವಳ ಮುಖ ನೋಡುತ್ತದೆ. ಕಳೆದ ವಾರ ರೇಬಿಸ್ ಲಸಿಕೆ ಹಾಕಿಸಿದ್ದೇನೆ. ರಜೆಗೆ ಬಂದಾಗ ನೋಡು, ಒತ್ತಾಯವಿಲ್ಲ.

ಅಂದ ಹಾಗೆ, ಬಾಡಿಗೆ ಮನೆಯ ಯಜಮಾನರನ್ನು ಕೇಳಿದ್ದೀಯಾ?

ನಿನ್ನ
ಅಪ್ಪ