ಗೋಡೆಗೆ ತೂಗುಹಾಕಿದ್ದ ಮದುವೆ ಕಾಗದ

ಪ್ರಿಯ ನಾಗು,

ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ. ಅಷ್ಟೊಂದು ಜನರಿಗೆ ಬೇಡವಾದದ್ದನ್ನು ಒಂಬತ್ತು ಜನ ಜಡ್ಜ್‌ಗಳು ಕೂತು ತೀರ್ಮಾನ ಮಾಡುವುದು ಯಾವ ಸೀಮೆ ಪ್ರಜಾಪ್ರಭುತ್ವ ಕಣೋ ಅಂದೆ. ಅಮೆರಿಕದ ಸಲಿಂಗಿಗಳ ಮದುವೆಯ ವಿಷಯಕ್ಕೆ ಬಂದ ಮಾತು ಅದು. ಆಗ ಮೊಮ್ಮಗಳು ಅಳುತ್ತಿದ್ದಳು, ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಮಲಗಿದ್ದಾಳೆ, ಬರೆಯುತ್ತಿದ್ದೇನೆ.

ನಾನಿರುವ ವರ್ಜೀನಿಯಾ ರಾಜ್ಯದಲ್ಲೇ ಕ್ಯಾರೊಲಿನ್ ಕೌಂಟಿ ಅಂತ, ನಮ್ಮ ಜಿಲ್ಲೆಯ ಹಾಗೆ, ಒಂದಿದೆ. ಹೊಲ, ಕಾಡು, ಸಣ್ಣ ಸಣ್ಣ ಊರುಗಳು. 1958ರ ಜುಲೈ ತಿಂಗಳು. ರಿಚರ್ಡ್ ಲವಿಂಗ್ ಅಂತ ಗಾರೆ ಕೆಲಸ ಮಾಡುವ ಬಿಳಿಯ ಹುಡುಗ. ಅವನ ಹೆಂಡತಿ ಮಿಲ್ಡ್ರೆಡ್, ಕಪ್ಪು ಜನರ ಮತ್ತು ಅಲ್ಲಿನ ಮೂಲನಿವಾಸಿಗಳ ಮನೆತನದವಳು. ಇನ್ನೂ 18 ವರ್ಷ, ಬಸುರಿ. ಐದಾರು ವಾರ ಮುಂಚೆ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದಿದ್ದರು, ಯಾಕೆಂದರೆ ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗಲು ಇಲ್ಲಿನ ಕಾನೂನು ಬಿಡುತ್ತಿರಲಿಲ್ಲ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಟಾರ್ಚ್ ಹಿಡಿದು ಮಲಗುವ ಕೋಣೆಗೇ ನುಗ್ಗಿದ. ಈ ಹೆಂಗಸು ಯಾರು ಅಂತ ಕೇಳಿದ. ಹೆಂಡತಿ ಅಂತ ಹೇಳಿ ಗೋಡೆಗೆ ತೂಗುಹಾಕಿದ್ದ ಮದುವೆಯ ಪ್ರಮಾಣಪತ್ರ ತೋರಿಸಿದರು. ಅದು ಇಲ್ಲಿ ನಡೆಯಲ್ಲ ಅಂದ. ರಿಚರ್ಡ್ ಒಂದು ರಾತ್ರಿ ಜೈಲಿನಲ್ಲಿದ್ದ. ಬಸುರಿ ಹೆಂಗಸು ಮಾತ್ರ ಇನ್ನೂ ಹಲವು ದಿನ ಒಳಗೇ ಇದ್ದಳು.

1959ರ ಜನವರಿಯಲ್ಲಿ ಒಂದು ವರ್ಷದ ಜೈಲು ಶಿಕ್ಷೆ ಆಯಿತು. 25 ವರ್ಷ ಇಬ್ಬರೂ ಒಟ್ಟಿಗೆ ವರ್ಜೀನಿಯಾಕ್ಕೆ ಕಾಲಿಡದಿದ್ದರೆ ಶಿಕ್ಷೆ ಅಮಾನತು. ಹುಟ್ಟಿದ ಊರು, ಅಪ್ಪ ಅಮ್ಮ, ಎಲ್ಲ ಬಿಟ್ಟು ಹೊರಟರು. 1963ರಲ್ಲಿ ಮಿಲ್ಡ್ರೆಡ್ ಆಗಿನ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಒಂದು ಪತ್ರ ಬರೆದಳು. ಅಲ್ಲಿಂದ ಇಬ್ಬರು ಎಳೆಯ ವಕೀಲರ ಕೈಗೆ ಬಂದ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ನೀನು ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ವರ್ಜೀನಿಯಾ ಸರ್ಕಾರ ಕೋರ್ಟಿನಲ್ಲಿ ಹೇಳಿದ್ದೇನು ಗೊತ್ತಾ? ನಾವು ಭೇದ ಮಾಡುತ್ತಿಲ್ಲ, ಬಿಳಿಯನಿಗೂ ಕಪ್ಪಿನವಳಿಗೂ ಒಂದೇ ಶಿಕ್ಷೆ ಕೊಡುತ್ತಿದ್ದೇವೆ, ಅಂದಮೇಲೆ ಇದು ಸಮಾನತೆಯೇ ಅಲ್ವಾ ಅಂತ. ಕೇಳಿದ ತಕ್ಷಣ ಸರಿ ಅನ್ನಿಸುವ ವಾದ. 1883ರಲ್ಲಿ ಅಲಬಾಮಾದ ಒಂದು ಕೇಸಿನಲ್ಲಿ ಇದೇ ಸುಪ್ರೀಂ ಕೋರ್ಟು ಇದೇ ವಾದವನ್ನು ಒಪ್ಪಿಕೊಂಡಿತ್ತು ಕೂಡ. ಆದರೆ 1924ರ ಆ ವರ್ಜೀನಿಯಾ ಕಾನೂನನ್ನು ಬಿಡಿಸಿ ನೋಡಿದರೆ ಬಣ್ಣ ಗೊತ್ತಾಗುತ್ತದೆ. ಬಿಳಿಯರು ಬಿಳಿಯರನ್ನೇ ಮದುವೆಯಾಗಬೇಕು, ಅಷ್ಟೇ ಅದರ ಕಾಳಜಿ. ಉಳಿದವರು ತಮ್ಮ ತಮ್ಮೊಳಗೆ ಯಾರು ಯಾರನ್ನು ಕಟ್ಟಿಕೊಂಡರೂ ಅದಕ್ಕೆ ಚಿಂತೆಯಿಲ್ಲ. ನನ್ನ ಅಳಿಯ ಕಪ್ಪು ಹುಡುಗ, ನಿನಗೆ ಗೊತ್ತು. ಆ ಕಾನೂನು ಇದ್ದ ಕಾಲದಲ್ಲೂ ನಮ್ಮ ಮನೆಯ ಮದುವೆಗೆ ಅದು ಅಡ್ಡಿ ಬರುತ್ತಿರಲಿಲ್ಲ ನಾಗು! ಇದನ್ನು ಮೊದಲ ಸಲ ಓದಿದಾಗ ನನಗೆ ಸಮಾಧಾನ ಆಗಲಿಲ್ಲ, ಮೈ ಉರಿಯಿತು. ಆ ಕಾನೂನು ಕಾಪಾಡಬೇಕು ಅಂದುಕೊಂಡವರ ಪಟ್ಟಿಯಲ್ಲೂ ನಾವಿಲ್ಲ, ಲೆಕ್ಕದಲ್ಲೂ ಇಲ್ಲ. ಕೋರ್ಟು ಬೊಟ್ಟು ಮಾಡಿ ತೋರಿಸಿದ್ದೂ ಇದನ್ನೇ. 1967ರ ಜೂನ್ 12ರಂದು ಒಂಬತ್ತೂ ಜನ ಒಂದೇ ದನಿಯಲ್ಲಿ ಹೇಳಿದರು: ಇದು ಬಿಳಿಯರನ್ನು ಮೇಲಿಡುವ ಕಾನೂನು, ಶಿಕ್ಷೆ ಸಮ ಇದ್ದ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ.

ಅವರು ಆಧಾರ ಮಾಡಿಕೊಂಡದ್ದು ಅಮೆರಿಕದ ಸಂವಿಧಾನದ 1868ರ 14ನೇ ತಿದ್ದುಪಡಿಯನ್ನು. ಯಾರಿಗೂ ಕಾನೂನಿನ ಸಮಾನ ರಕ್ಷಣೆ ತಪ್ಪಿಸುವ ಹಾಗಿಲ್ಲ ಅನ್ನುವ ಮಾತು ಇರುವುದು ಅಲ್ಲಿ. ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದವನು ನೀನು, ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಲಿಲ್ವಾ? ನಮ್ಮ ಸಂವಿಧಾನದ 14ನೇ ವಿಧಿಯಲ್ಲಿ ಇರುವುದೂ ಅದೇ ಮಾತು, ನಮ್ಮವರು ಇಲ್ಲಿಂದಲೇ ತೆಗೆದುಕೊಂಡದ್ದು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಜನ ತೀರ್ಮಾನಿಸಲಿ ಅಂದೆಯಲ್ಲ, 1968ರಲ್ಲಿ, ಅಂದರೆ ತೀರ್ಪು ಬಂದ ಮರು ವರ್ಷ, ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್‌ನವರು ಜನರನ್ನು ಕೇಳಿದರು. ಕಪ್ಪು ಬಿಳಿ ಮದುವೆ ಸರಿ ಅಂದವರು ನೂರಕ್ಕೆ 20 ಮಂದಿ. 2000ನೇ ಇಸವಿಯಲ್ಲಿ ಅಲಬಾಮಾದವರು ತಮ್ಮ ಸಂವಿಧಾನದಿಂದ ಆ ಸತ್ತ ನಿಷೇಧವನ್ನು ಕಿತ್ತುಹಾಕಲು ಮತ ಹಾಕಿದಾಗಲೂ ನೂರಕ್ಕೆ 40ರಷ್ಟು ಜನ ಅದು ಇರಲಿ ಅಂದರು. ನಾನು ಹೇಳುತ್ತಿರುವುದು ಮೊನ್ನೆ ಮೊನ್ನೆಯ ಮಾತು.

ಹಾಗಂತ ಕೋರ್ಟು ಯಾವಾಗಲೂ ಸರಿ ಅಂತ ನಾನು ವಾದಿಸುತ್ತಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ನಮ್ಮ ಪಂಜಾಬಿನವರಿಗೆ, ಅದೂ ಇವರ ಸೈನ್ಯದಲ್ಲಿ ಇದ್ದವರಿಗೆ, ನೀನು ಬಿಳಿಯನಲ್ಲ, ಪೌರತ್ವ ಇಲ್ಲ ಅಂದದ್ದೂ ಇದೇ ಕೋರ್ಟು. ನನ್ನ ನಂಬಿಕೆ ಇರುವುದು ಜಡ್ಜ್‌ಗಳ ಮೇಲಲ್ಲ, ಸಮಾನ ರಕ್ಷಣೆಯ ಆ ಸಾಲಿನ ಮೇಲೆ.

2015ರಲ್ಲಿ ಸಲಿಂಗಿಗಳ ಮದುವೆಯ ಹಕ್ಕನ್ನು ಒಪ್ಪಿದ ತೀರ್ಪು ಬಂದಾಗ 5 ಜನ ಪರ, 4 ಜನ ವಿರುದ್ಧ. ಮುಖ್ಯ ನ್ಯಾಯಾಧೀಶ ರಾಬರ್ಟ್ಸ್ ತಮ್ಮ ಭಿನ್ನ ತೀರ್ಪಿನಲ್ಲಿ ಸುಮಾರಾಗಿ ನಿನ್ನ ಮಾತನ್ನೇ ಬರೆದರು, ಹಾಗಾಗಿ ನಿನ್ನದು ತಲೆಬುಡ ಇಲ್ಲದ ಪ್ರಶ್ನೆ ಅಂತ ನಾನು ಅನ್ನುವುದಿಲ್ಲ. ಆದರೆ ಆ ಕೇಸಿನ ಹಿಂದಿದ್ದ ಮನುಷ್ಯರನ್ನು ನೋಡು. ಓಹಾಯೊದ ಜಿಮ್ ಒಬರ್ಗೆಫೆಲ್ ಮತ್ತು ಜಾನ್ ಆರ್ಥರ್ ಇಪ್ಪತ್ತು ವರ್ಷ ಜೊತೆಗಿದ್ದವರು. ಜಾನ್‌ಗೆ ನರಗಳನ್ನೇ ತಿನ್ನುವ ಕಾಯಿಲೆ, ಹಾಸಿಗೆ ಹಿಡಿದಿದ್ದ. ಅವರ ರಾಜ್ಯದಲ್ಲಿ ಮದುವೆ ಇಲ್ಲ, ಅದಕ್ಕೆ 2013ರಲ್ಲಿ ರೋಗಿಗಳನ್ನು ಸಾಗಿಸುವ ಪುಟ್ಟ ವಿಮಾನದಲ್ಲಿ ಮೇರಿಲ್ಯಾಂಡ್‌ಗೆ ಹೋಗಿ, ಕೆಳಗೆ ಇಳಿಯಲೂ ಆಗದೆ, ಒಳಗೇ ಕೈ ಹಿಡಿದುಕೊಂಡು ಮದುವೆಯಾಗಿ ವಾಪಸ್ ಬಂದರು. ಜಿಮ್ ಕೇಳಿದ್ದು, ಜಾನ್ ಸತ್ತಾಗ ಮರಣ ಪ್ರಮಾಣಪತ್ರದಲ್ಲಿ ಸಂಗಾತಿ ಅನ್ನುವ ಕಡೆ ತನ್ನ ಹೆಸರು ಇರಲಿ ಅಂತ.

ಇನ್ನೊಂದು ಕಾಗದದ ಕಥೆ ಹೇಳಲೇಬೇಕು. 2019ರ ವಸಂತದಲ್ಲಿ ಮಗಳ ಮದುವೆಯ ಲೈಸೆನ್ಸ್‌ಗೆ ಕೋರ್ಟಿಗೆ ಹೋಗಿದ್ದೆವು. ಅರ್ಜಿಯಲ್ಲಿ ಜನಾಂಗ ಯಾವುದು ಅಂತ ಒಂದು ಕಾಲಂ. ಅಳಿಯ ಅಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿದ. ಒಂದು ಮಾತೂ ಆಡಲಿಲ್ಲ. ಮಗಳು ಅವನ ಮೊಣಕೈ ಮುಟ್ಟಿದಳು, ಆಮೇಲೆ ಬರೆದ. ಅದೇ ವರ್ಷ ಕೆಲವು ಜೋಡಿಗಳು ಕೇಸು ಹಾಕಿ, ಆ ಕಾಲಂ ಕಡ್ಡಾಯ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಪಡೆದರು. ನಾವು ಸುಮ್ನೆ ತುಂಬಿ ಬಂದಿದ್ದೆವು. ಅದು ನನಗೆ ಈಗಲೂ ಚುಚ್ಚುತ್ತದೆ.

2022ರಲ್ಲಿ ಗರ್ಭಪಾತದ ಹಕ್ಕನ್ನು ಕೋರ್ಟು ತೆಗೆದ ಮೇಲೆ ಇಲ್ಲಿ ತುಂಬ ಮನೆಗಳಲ್ಲಿ ಭಯ ಶುರುವಾಯಿತು, ಮುಂದೆ ಮದುವೆಯ ಸರದಿಯಾ ಅಂತ. ಅದೇ ಡಿಸೆಂಬರ್‌ನಲ್ಲಿ ಸಂಸತ್ತು ಬೇರೆ ಬೇರೆ ಜನಾಂಗದವರ ಮದುವೆ, ಸಲಿಂಗಿಗಳ ಮದುವೆ ಎರಡಕ್ಕೂ ಮಾನ್ಯತೆ ಕೊಡುವ ಕಾನೂನು ಮಾಡಿತು. ನಿನಗೆ ಇಷ್ಟವಾಗುವ ದಾರಿ ಇದು, ಜನಪ್ರತಿನಿಧಿಗಳೇ ಮಾಡಿದ್ದು. ನನಗೂ ಸಂತೋಷವೇ. ಆದರೆ ಅದು ಬರುವ ತನಕ ಮಿಲ್ಡ್ರೆಡ್ ಕಾಯಬೇಕಿತ್ತು ಅಂದರೆ ಅವಳು ಆಗಲೇ ತೀರಿಕೊಂಡು 14 ವರ್ಷವಾಗಿರುತ್ತಿತ್ತು.

ರಿಚರ್ಡ್ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. ನಾನು ನನ್ನ ಹೆಂಡತಿಯನ್ನು ಪ್ರೀತಿಸುತ್ತೇನೆ, ವರ್ಜೀನಿಯಾದಲ್ಲಿ ಅವಳ ಜೊತೆ ಬಾಳಲು ಆಗದಿರುವುದು ನ್ಯಾಯವಲ್ಲ, ಇಷ್ಟು ಹೇಳಿ ಅಂತ ವಕೀಲರ ಹತ್ತಿರ ಹೇಳಿ ಕಳಿಸಿದ. ನೀನು ನನ್ನ ಮಾತು ಒಪ್ಪಬೇಕು ಅಂತಿಲ್ಲ. ಒಪ್ಪದಿದ್ದರೆ, ಅವನಿಗೆ ನೀನು ಏನು ಉತ್ತರ ಕೊಡುತ್ತಿದ್ದೆ ಅಂತ ಬರೆ.

ನಿನ್ನ,
ಶ್ರೀನಿವಾಸ